ಆಣೆ ಮಾಡಿಸಬಾರದಿತ್ತು

ಭಾನುವಾರ ಅಕ್ಕನ ಮನೆಯಲ್ಲಿ ಊಟ. ಅಂಥ ಸೆಕೆಯಲ್ಲೂ ಅಕ್ಕನ ಮಗಳು ತುಂಬು ತೋಳಿನ ಅಂಗಿ ಹಾಕಿದ್ದಳು. ಸಾರು ಬಡಿಸೋಕೆ ಬಗ್ಗಿದಾಗ ತೋಳು ಸರಿಯಿತು. ಮುಂಗೈ ಮೇಲೆ ಗಾಯದ ಗುರುತುಗಳು. ಕೆಲವು ಹಳೆಯವು. ಅವಳು ಮೊದಲು ನೋಡಿದ್ದು ನನ್ನ ಮುಖ. ಆಮೇಲೆ ತೋಳು ಎಳೆದುಕೊಂಡಳು.

ಮಹಡಿ ಮೇಲೆ ಒಬ್ಬಳೇ ಸಿಕ್ಕಾಗ ನೇರವಾಗಿ ಕೇಳಿದೆ. "ಸಾಯ್ಬೇಕು ಅನ್ಸುತ್ತಾ ಪುಟ್ಟಾ?"

"ಇಲ್ಲ ಚಿಕ್ಕಮ್ಮ. ತಲೇಲಿ ಗಲಾಟೆ ಜಾಸ್ತಿ ಆದಾಗ ಹೀಗೆ ಮಾಡ್ಕೊಂಡ್ರೆ ಸ್ವಲ್ಪ ಹೊತ್ತು ನಿಲ್ಲುತ್ತೆ. ಆಮೇಲೆ ನಾಚಿಕೆ ಆಗುತ್ತೆ. ಮತ್ತೆ ಗಲಾಟೆ."

ಅಷ್ಟು ಬಿಡಿಸಿ ಹೇಳಿದ ಹುಡುಗಿಗೆ ನಾನು ಏನಂದೆ ಗೊತ್ತಾ? "ನನ್ನ ತಲೆ ಮೇಲೆ ಕೈ ಇಟ್ಟು ಆಣೆ ಮಾಡು, ಇನ್ಮೇಲೆ ಮಾಡಲ್ಲ ಅಂತ." ಅವಳು ಕೈ ಇಟ್ಟಳು. ತಣ್ಣಗಿತ್ತು ಕೈ. ವಾರವಿಡೀ ಆ ಕೈಯ ತಣ್ಪು ನನ್ನ ನೆತ್ತಿ ಮೇಲೇ ಇದೆ.

ಭಾವನಿಗೆ ಹೇಳಿದಾಗ, "ಎಲ್ಲ ಗಮನ ಸೆಳೆಯೋಕೆ, ಮೊಬೈಲ್ ಕಿತ್ಕೊಂಡ್ರೆ ಸರಿಹೋಗುತ್ತೆ" ಅಂದರು. ಕೆಟ್ಟವರಲ್ಲ ಭಾವ. ಆದರೆ ಆ ಮಾತು ತಪ್ಪು. ಗಮನ ಬೇಕಿದ್ದವಳು ಸೆಕೆಯಲ್ಲಿ ತುಂಬು ತೋಳು ಹಾಕಿಕೊಂಡು ಮುಚ್ಚಿಡ್ತಾಳಾ?

ಸೋಮವಾರ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿದೆ. ನಂಬರ್ 14416. ಸರ್ಕಾರದ್ದು, 2022ರ ಅಕ್ಟೋಬರ್‌ನಿಂದ ಇದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಆ ಕಡೆಯ ಹೆಣ್ಣುಮಗಳು ಪೂರ್ತಿ ಕೇಳಿಸಿಕೊಂಡರು. "ಸಾವಿನ ಬಗ್ಗೆ ಕೇಳಿದ್ದು ಒಳ್ಳೇದಾಯ್ತು. ಕೇಳಿದ್ರೆ ತಲೇಲಿ ಆ ಯೋಚನೆ ಹುಟ್ಟಿಬಿಡುತ್ತೆ ಅನ್ನೋದು ಸುಳ್ಳು. ಆದರೆ ಈಗ ಇಲ್ಲ ಅಂದ್ಳು ಅಂತ ಹಗುರಾಗಿ ತಗೋಬೇಡಿ" ಅಂದರು. ಆಮೇಲೆ ಮೆಲ್ಲಗೆ, "ಆಣೆ ಮಾತ್ರ ಬೇಡ ಮೇಡಂ. ಮುರಿದ ದಿನ ನಿಮ್ಮಿಂದಲೂ ಮುಚ್ಚಿಡ್ತಾಳೆ."

ಹೌದಲ್ವಾ! ನಮ್ಮ ಮನೆಗಳಲ್ಲಿ ಎಲ್ಲದಕ್ಕೂ ಆಣೆ. ಕುಡಿಯೋ ಗಂಡಸಿಗೂ ಆಣೆ, ಓದದ ಮಗುವಿಗೂ ಆಣೆ. ಅದರಿಂದ ಆಣೆ ಮಾಡಿಸಿದವರಿಗಷ್ಟೇ ನೆಮ್ಮದಿ. ಅವಳ ಸಂಕಟ ಕಂಡು ನನಗೆ ಹೆದರಿಕೆಯಾಯಿತು. ಆ ಹೆದರಿಕೆಯನ್ನೂ ಹದಿನೇಳರ ಹುಡುಗಿಯ ಮೇಲೇ ಹೊರಿಸಿದೆ.

ಬುಧವಾರ ಅಕ್ಕ, ನಾನು ಅವಳನ್ನು ಆಪ್ತ ಸಲಹೆಗೆ ಕರೆದುಕೊಂಡು ಹೋದೆವು. ಅಲ್ಲಿ ಡಿಬಿಟಿ ಅನ್ನೋ ಚಿಕಿತ್ಸೆಯ ಬಗ್ಗೆ ಹೇಳಿದರು. ಸಂಕಟ ಉಕ್ಕಿದಾಗ ಆ ಗಳಿಗೆ ದಾಟೋದು ಹೇಗೆ ಅಂತ ಕಲಿಸ್ತಾರಂತೆ. ತಣ್ಣೀರಲ್ಲಿ ಮುಖ ತೊಳೆಯೋದು, ಜೋರಾಗಿ ನಡೆಯೋದು, ಯಾರಿಗಾದರೂ ಫೋನ್ ಮಾಡೋದು. ಅದನ್ನು ರೂಪಿಸಿದ ಅಮೆರಿಕದ ಮಾರ್ಷಾ ಲೈನಹನ್ ಹರೆಯದಲ್ಲಿ ತಾವೂ ಹೀಗೇ ಗಾಯ ಮಾಡಿಕೊಳ್ತಿದ್ದರು, 2011ರಲ್ಲಿ ಅದನ್ನು ಎಲ್ಲರೆದುರು ಹೇಳಿಕೊಂಡರು ಅಂತಲೂ ತಿಳಿಸಿದರು. "ಅವ್ರೂನಾ?" ಅಂತ ಕೇಳಿದಳು ನಮ್ಮ ಹುಡುಗಿ. ಅವತ್ತು ಅವಳು ತಲೆ ಎತ್ತಿದ್ದು ಆಗಲೇ.

ವಾಪಸ್ ಬರುವಾಗ ಬಸ್ಸಲ್ಲಿ, "ಆ ಆಣೆ ವಾಪಸ್ ತಗೊಂಡೆ ಪುಟ್ಟಾ. ಹಾಗನ್ಸಿದಾಗ ನಂಗೊಂದು ಫೋನ್ ಮಾಡು ಸಾಕು" ಅಂದೆ. ಅವಳು ಕಿಟಕಿ ಕಡೆ ತಿರುಗಿದಳು.

ನಿನ್ನೆ ರಾತ್ರಿ ಹನ್ನೊಂದೂ ಮುಕ್ಕಾಲಿಗೆ ಫೋನ್ ಬಂತು. "ಚಿಕ್ಕಮ್ಮ, ಎದ್ದಿದೀಯಾ?" ಹಿಂದೆ ನಲ್ಲಿ ನೀರಿನ ಸದ್ದು ಕೇಳಿಸುತ್ತಿತ್ತು.