‘ಹಾ’ ಅಕ್ಷರಕ್ಕಾಗಿ ಆರು ಚಳಿಗಾಲ

ನನ್ನ ಕಾರಿನ ನಂಬರ್ ಪ್ಲೇಟಿನ ಕೊನೆಯಲ್ಲಿ ‘ಎಚ್’ ಎಂಬ ಅಕ್ಷರವಿದೆ. ಜರ್ಮನರು ಅದನ್ನು ‘ಹಾ’ ಎಂದು ಓದುತ್ತಾರೆ. ‘ಹಿಸ್ಟೋರಿಶ್’, ಅಂದರೆ ಐತಿಹಾಸಿಕ ಎಂಬ ಪದದ ಮೊದಲಕ್ಷರ ಅದು. ಮೊದಲ ನೋಂದಣಿಯಾಗಿ ಮೂವತ್ತು ವರ್ಷ ತುಂಬಿರಬೇಕು, ವಾಹನ ಬಹುಮಟ್ಟಿಗೆ ಮೂಲ ರೂಪದಲ್ಲಿರಬೇಕು, ಚೆನ್ನಾಗಿ ಪೋಷಣೆ ಕಂಡಿರಬೇಕು. ಅಂಥದ್ದಕ್ಕೆ ಮಾತ್ರ 1997ರಿಂದ ಜರ್ಮನಿಯಲ್ಲಿ ಈ ಅಕ್ಷರ ಸಿಗುತ್ತಿದೆ. ಅದಕ್ಕಾಗಿ ನಾನು ಆರು ಚಳಿಗಾಲ ದುಡಿದಿದ್ದೇನೆ.

ಕಾರು 1990ರ ಮೇ ತಿಂಗಳಲ್ಲಿ ರಸ್ತೆಗಿಳಿದ ಮರ್ಸಿಡಿಸ್ 190ಇ. ಎರಡು ಲೀಟರಿನ ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್, 118 ಅಶ್ವಶಕ್ತಿ. 1982ರ ಕೊನೆಯಲ್ಲಿ ಬಂದ ಈ ಮಾದರಿಗೆ ‘ಬೇಬಿ ಬೆಂಜ್’ ಎಂಬ ಅಡ್ಡಹೆಸರು ಇಂದಿಗೂ ಉಳಿದಿದೆ. ನಾನು ಇದನ್ನು 2014ರ ಶರತ್ಕಾಲದಲ್ಲಿ, ನೆಕ್ಕರ್ ನದಿಯಾಚೆಯ ಹಳ್ಳಿಯೊಂದರಲ್ಲಿ, ಹುಲ್ಲು ಕೂಡಿಡುವ ಕೊಟ್ಟಿಗೆಯೊಳಗೆ ಮೊದಲ ಸಲ ನೋಡಿದೆ. ಬಾಗಿಲು ಮುಚ್ಚಿದಾಗ ಬಂದ ಗಟ್ಟಿಯಾದ, ತುಂಬಿದ ಸದ್ದು ನನ್ನನ್ನು ಸೋಲಿಸಿತು. 1,800 ಯೂರೋ ಕೊಟ್ಟು ಮನೆಗೆ ತಂದೆ. ಫೋನಿನಲ್ಲಿ ಅಪ್ಪ, “ಇಪ್ಪತ್ತನಾಲ್ಕು ವರ್ಷದ ಗಾಡಿಯನ್ನು ಅಲ್ಲಿಯ ಸರ್ಕಾರ ಓಡಿಸಲು ಬಿಡುತ್ತದೆಯೇನಪ್ಪ?” ಎಂದು ಕೇಳಿದರು. ಅವರ ಪ್ರಶ್ನೆಗೆ ಪೂರ್ತಿ ಉತ್ತರ ಹೇಳುವಷ್ಟು ನನಗೆ ತಿಳಿಯಲು ಕೆಲವು ವರ್ಷಗಳೇ ಬೇಕಾದವು.

ನಾನಿರುವುದು ಮಾನ್‌ಹೈಮ್‌ನಲ್ಲಿ. ಕಾರ್ಲ್ ಬೆಂಜ್ ತನ್ನ ಮೂರು ಗಾಲಿಯ ಮೋಟಾರು ಬಂಡಿಗೆ 1886ರ ಜನವರಿಯಲ್ಲಿ ಪೇಟೆಂಟ್ ಕೋರಿದ್ದು ಇದೇ ಊರಿನಿಂದ. ಎರಡು ವರ್ಷಗಳ ನಂತರ, 1888ರ ಆಗಸ್ಟ್‌ನಲ್ಲಿ, ಅವನ ಹೆಂಡತಿ ಬೆರ್ಟಾ ಬೆಂಜ್ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಗಂಡನಿಗೆ ಹೇಳದೆ, ಇಲ್ಲಿಂದ ತವರೂರು ಫೋರ್ಟ್ಸ್‌ಹೈಮ್‌ವರೆಗೆ ನೂರಕ್ಕೂ ಹೆಚ್ಚು ಕಿಲೋಮೀಟರ್ ಹೋದಳು. ದಾರಿಯಲ್ಲಿ ವೀಸ್‌ಲೋಖ್ ಎಂಬ ಊರಿನ ಔಷಧಿ ಅಂಗಡಿಯಲ್ಲಿ ಇಂಧನ ಕೊಂಡಳು. ಕಟ್ಟಿಕೊಂಡ ಇಂಧನದ ಕೊಳವೆಯನ್ನು ಟೋಪಿಯ ಪಿನ್ನಿನಿಂದ ಬಿಡಿಸಿದಳಂತೆ. ಬ್ರೇಕಿನ ಮರದ ತುಂಡು ಸವೆದಾಗ ಚಮ್ಮಾರನಿಂದ ಅದರ ಮೇಲೆ ಚರ್ಮ ಹೊಡೆಸಿದಳಂತೆ. ನನಗೆ ಈ ಕಥೆಯಲ್ಲಿ ಅತ್ಯಂತ ಪ್ರಿಯವಾದ ಭಾಗವೆಂದರೆ ಆ ಪಿನ್ನು ಮತ್ತು ಚರ್ಮ. ಜಗತ್ತಿನ ಮೊದಲ ದೂರದ ಕಾರು ಪ್ರಯಾಣದಲ್ಲಿಯೇ ರಿಪೇರಿಯೂ ಇತ್ತು, ಮಾರ್ಪಾಡೂ ಇತ್ತು. ಎರಡನ್ನೂ ಮಾಡಿಸಿದವಳು ಗಾಡಿಯನ್ನು ಓಡಿಸುತ್ತಿದ್ದವಳೇ.

ಕಾರು ಕೊಂಡ ಮೊದಲ ಚಳಿಗಾಲವೇ ತಪಾಸಣೆಯ ಗಡುವು ಬಂತು. ನಮ್ಮಲ್ಲಿ ಎಫ್‌ಸಿ ಮಾಡಿಸುವುದು ಎನ್ನುತ್ತೇವಲ್ಲ, ಇಲ್ಲಿ ಅದು ಖಾಸಗಿ ಕಾರಿಗೂ ಎರಡು ವರ್ಷಕ್ಕೊಮ್ಮೆ ಕಡ್ಡಾಯ. ಹೊಸ ಕಾರಿಗೆ ಮಾತ್ರ ಮೊದಲ ಸಲ ಮೂರು ವರ್ಷದ ಬಿಡುವು. ಪಾಸಾದರೆ ಹಿಂದಿನ ನಂಬರ್ ಪ್ಲೇಟಿನ ಮೇಲೆ ಬಿಲ್ಲೆಯಂಥ ದುಂಡು ಚೀಟಿ ಅಂಟಿಸುತ್ತಾರೆ. ಅದರ ನೆತ್ತಿಯ ಮೇಲಿನ ಅಂಕಿ ಗಡುವಿನ ತಿಂಗಳು, ನಡುವಿನದು ವರ್ಷ. ವರ್ಷಕ್ಕೊಂದು ಬಣ್ಣ, ಹಾಗಾಗಿ ಗಡುವು ಮೀರಿದ ಕಾರು ದೂರದಿಂದಲೇ ಪೊಲೀಸರ ಕಣ್ಣಿಗೆ ಬೀಳುತ್ತದೆ.

ನನ್ನ ಕಾರು ಪಾಸಾಗಲಿಲ್ಲ. ಜಾಕ್ ಕೊಡುವ ಜಾಗಗಳಲ್ಲಿ ತುಕ್ಕು, ಮುಂದಿನ ಬ್ರೇಕ್ ಹೋಸುಗಳಲ್ಲಿ ಬಿರುಕು, ಗಾಲಿಯನ್ನು ಹಿಡಿಯುವ ಒಂದು ಬಾಲ್ ಜಾಯಿಂಟಿನಲ್ಲಿ ಸಡಿಲಾಟ. ಮರುತಪಾಸಣೆಗೆ ಒಂದು ತಿಂಗಳು. ಆ ದಿನ ನನಗೆ ಬಹಳ ಸಿಟ್ಟು ಬಂದಿತ್ತು. ಆದರೆ ತಪಾಸಕರು ನನ್ನನ್ನು ಕಾರಿನ ಕೆಳಗೆ ಕರೆದೊಯ್ದು, ದೀಪ ಹಿಡಿದು, ಸಣ್ಣ ಸುತ್ತಿಗೆಯಿಂದ ಮೊದಲು ಗಟ್ಟಿ ತಗಡನ್ನು ತಟ್ಟಿದರು, ನಂತರ ತುಕ್ಕು ತಿಂದದ್ದನ್ನು ತಟ್ಟಿದರು. ಸದ್ದಿನಲ್ಲಿ ಹೊಸ ಮಡಕೆಗೂ ಬಿರುಕು ಬಿಟ್ಟ ಮಡಕೆಗೂ ಇರುವ ವ್ಯತ್ಯಾಸ. ಮೇಲಿನಿಂದ ಟಾರು ಬಳಿದು ತರಬೇಡಿ, ಕೊಳೆತ ತಗಡನ್ನು ಕತ್ತರಿಸಿ ತೆಗೆದು, ಹೊಸ ತುಂಡನ್ನು ಸುತ್ತಲೂ ಬಿಡುವಿಲ್ಲದೆ ವೆಲ್ಡ್ ಮಾಡಿ, ಬಣ್ಣ ಹಚ್ಚುವ ಮೊದಲೇ ನನಗೆ ತೋರಿಸಿ ಎಂದರು. ಈ ದೇಶದಲ್ಲಿ ಹಳೆಯ ಕಾರುಗಳು ಯಾಕೆ ಉಳಿದಿವೆ ಎಂಬುದು ನನಗೆ ಅರ್ಥವಾಗತೊಡಗಿದ್ದು ಅಲ್ಲಿಂದ. ಹೊರಗಿನಿಂದ ಬಂದ ನಾವು ಈ ತಪಾಸಣೆಯನ್ನು ಬೈಯುವುದುಂಟು. ಆದರೆ ಎರಡು ವರ್ಷಕ್ಕೊಮ್ಮೆ ಯಾರೋ ಒಬ್ಬರು ಅಡಿಯಿಂದ ಮುಡಿಯವರೆಗೆ ನೋಡುವುದರಿಂದಲೇ ಈ ಕಾರುಗಳು ಗುಜರಿಗೆ ಹೋಗದೆ ಉಳಿದಿವೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ರಿಪೇರಿ ಮಾಡುವುದಾದರೂ ಎಲ್ಲಿ? ಮನೆ ಮುಂದಿನ ರಸ್ತೆಯಲ್ಲಿ ಎಣ್ಣೆ ಬದಲಿಸುವಂತಿಲ್ಲ, ನೆಲಕ್ಕೆ ಹನಿ ಬಿದ್ದರೆ ದಂಡ. ಭಾನುವಾರ ಸುತ್ತಿಗೆಯ ಸದ್ದು ಮಾಡುವಂತಿಲ್ಲ. ಇದಕ್ಕೆ ಇಲ್ಲಿಯವರು ಕಂಡುಕೊಂಡ ದಾರಿ ‘ಮೀಟ್‌ವೆರ್ಕ್‌ಷ್ಟಾಟ್’, ಬಾಡಿಗೆಗೆ ಸಿಗುವ ಗ್ಯಾರೇಜು. ನಮ್ಮೂರ ಕಡೆ ಮನೆ ಬಾಡಿಗೆ, ಸೈಕಲ್ ಬಾಡಿಗೆ ಇರುವಂತೆ ಇಲ್ಲಿ ಲಿಫ್ಟಿನ ಬಾಡಿಗೆ. ಗಂಟೆಗಿಷ್ಟು ಎಂದು ಬಾಡಿಗೆ ಕೊಟ್ಟರೆ ಲಿಫ್ಟು, ಸ್ಪ್ಯಾನರ್ ಪೆಟ್ಟಿಗೆ, ವೆಲ್ಡಿಂಗ್ ಯಂತ್ರ ಎಲ್ಲವೂ ಸಿಗುತ್ತವೆ. ಹಳೆಯ ಎಂಜಿನ್ ಆಯಿಲನ್ನು, ಹೊಸದನ್ನು ಮಾರಿದ ಅಂಗಡಿಯೇ ಅಷ್ಟೇ ಪ್ರಮಾಣದಲ್ಲಿ ವಾಪಸ್ ಪಡೆಯಬೇಕೆಂಬ ಕಾನೂನಿದೆ; ರಸೀದಿ ಜೋಪಾನವಾಗಿಟ್ಟುಕೊಂಡರೆ ಆಯಿತು.

ಅಲ್ಲಿ ನನಗೆ ಸಿಕ್ಕವರು ಪಕ್ಕದ ಲಿಫ್ಟಿನ ಹಿರಿಯರು. ಬದುಕಿಡೀ ತಗಡು ಕೆಲಸ ಮಾಡಿ ನಿವೃತ್ತರಾದವರು. ತಮ್ಮ ಹಳೆಯ ಡೀಸೆಲ್ ಕಾರನ್ನು ಪ್ರತಿ ಶನಿವಾರ ನೋಡಿಕೊಳ್ಳಲು ಬರುತ್ತಿದ್ದರು. ಮೊದಲ ದಿನ ಅವರು ಏನೂ ಹೇಳದೆ ನನ್ನ ವೆಲ್ಡಿಂಗನ್ನು ಅರ್ಧ ಗಂಟೆ ನೋಡಿದರು. ಎರಡನೆಯ ವಾರ ನನ್ನ ಕೈಯಿಂದ ವೆಲ್ಡಿಂಗ್ ಟಾರ್ಚ್ ತೆಗೆದುಕೊಂಡು, ಒಂದೇ ಕಡೆ ಎಳೆಯುತ್ತಾ ಹೋದರೆ ತಗಡು ಕಾದು ಸೊಟ್ಟಗಾಗುತ್ತದೆ, ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ ಇಟ್ಟು, ಆರಲು ಬಿಟ್ಟು, ಆಮೇಲೆ ನಡುವನ್ನು ತುಂಬಬೇಕು ಎಂದು ಮಾಡಿ ತೋರಿಸಿದರು. ಈ ಕಾರಿನ ಪಕ್ಕದಲ್ಲಿ ಉದ್ದಕ್ಕೂ ಪ್ಲಾಸ್ಟಿಕ್ ಹಲಗೆಗಳಿವೆ. ವಿನ್ಯಾಸಕಾರ ಬ್ರೂನೋ ಸಾಕ್ಕೊ ಅವರ ಹೆಸರಿನಿಂದ ಅವನ್ನು ‘ಸಾಕ್ಕೊ ಬ್ರೆಟರ್’, ಅಂದರೆ ಸಾಕ್ಕೊ ಹಲಗೆಗಳು ಎನ್ನುತ್ತಾರೆ. ರಸ್ತೆಗೆ ಹಾಕುವ ಚಳಿಗಾಲದ ಉಪ್ಪು ಅವುಗಳ ಹಿಂದೆ ಸೇರಿ, ವರ್ಷಗಟ್ಟಲೆ ಕುಳಿತು, ಹೊರಗೆ ಕಾಣದಂತೆ ತಿನ್ನುತ್ತದೆ. ಹಳೆಯ ಬೇಬಿ ಬೆಂಜ್ ಕೊಳ್ಳುವವರು ಯಾರೇ ಆಗಲಿ, ಆ ಹಲಗೆಗಳನ್ನು ಬಿಚ್ಚಿಸಿ ನೋಡದೆ ಹಣ ಕೊಡಬಾರದು. ನಾನು ನಾಲ್ಕೂ ಜಾಕಿನ ಜಾಗಗಳನ್ನು ಕತ್ತರಿಸಿ ಹೊಸದಾಗಿ ಕಟ್ಟಿದೆ. ಟೊಳ್ಳುಗಳೊಳಗೆ ಬಿಸಿ ಮಾಡಿ ಕರಗಿಸಿದ ತುಕ್ಕುನಿರೋಧಕ ಗ್ರೀಸ್ ಸಿಂಪಡಿಸಿದೆ. ಬೇಸಿಗೆಯ ಬಿಸಿಲಿಗೆ ಅದು ಮತ್ತೆ ಕೊಂಚ ಹರಿದು, ಸಂದುಗಳಿಗೆ ತಾನೇ ಇಳಿಯುತ್ತದೆ.

ಮೂರನೆಯ ಚಳಿಗಾಲದ ಕೊನೆಗೆ ಒಂದು ಶನಿವಾರ ಅವರು ಕೈ ಒರೆಸಿಕೊಂಡು, ಬಲಗೈ ಚಾಚಿ, “ಇನ್ನು ನಾವು ‘ಡೂ’ ಎನ್ನೋಣ” ಎಂದರು. ಜರ್ಮನ್‌ನಲ್ಲಿ ‘ಜೀ’ ಎಂದರೆ ನೀವು, ‘ಡೂ’ ಎಂದರೆ ನೀನು. ಹಿರಿಯರೇ ಮುಂದಾಗಿ ಆಹ್ವಾನಿಸಬೇಕು, ಕಿರಿಯರು ಕೇಳುವಂತಿಲ್ಲ. ತಂದೆಯ ವಯಸ್ಸಿನವರನ್ನು ನೀನು ಎನ್ನಲು ನನ್ನ ನಾಲಿಗೆ ಬಹಳ ದಿನ ಹಿಂಜರಿಯಿತು. ಕಚೇರಿಯ ಜರ್ಮನ್ ನನಗೆ ಮೊದಲೇ ಬರುತ್ತಿತ್ತು. ಮನುಷ್ಯರ ಜರ್ಮನ್ ಕಲಿತದ್ದು ಆ ಲಿಫ್ಟಿನ ಕೆಳಗೆ. ಕೈಯಾರೆ ಗಾಡಿ ಬಿಚ್ಚಿ ಕಟ್ಟುವವರನ್ನು ಇಲ್ಲಿ ‘ಶ್ರೌಬರ್’ ಎನ್ನುತ್ತಾರೆ, ಸ್ಕ್ರೂ ತಿರುಗಿಸುವವನು. ಅವರು ಇನ್ನೊಬ್ಬರಿಗೆ ನನ್ನನ್ನು ಆ ಪದದಿಂದ ಪರಿಚಯಿಸಿದ ದಿನ ಎಲ್ಲ ಪ್ರಮಾಣಪತ್ರಗಳಿಗಿಂತ ಹೆಚ್ಚಿನದು ನನಗೆ ಸಿಕ್ಕಿತು.

ಹಳೆಯ ಕಾರಿನ ಎಲ್ಲ ಕಾಯಿಲೆಗಳೂ ಸುತ್ತಿಗೆಗೆ ಸಿಗುವಂಥವಲ್ಲ. ಒಂದು ವಸಂತದಲ್ಲಿ ಎಂಜಿನ್ ಸಿಗ್ನಲ್‌ಗಳಲ್ಲಿ ಉಸಿರು ಹಿಡಿದಂತೆ ಏರಿಳಿಯತೊಡಗಿತು. ಬ್ರೇಕ್ ಒತ್ತಿದಾಗ ಗಾಲಿ ಕಚ್ಚಿಕೊಂಡು ಜಾರದಂತೆ ನೋಡಿಕೊಳ್ಳುವ ಎಬಿಎಸ್‌ನ ದೀಪವೂ ಆಗಾಗ ಹೊತ್ತಿಕೊಳ್ಳುತ್ತಿತ್ತು. ಎಂಜಿನ್ನಿಗೂ ಬ್ರೇಕಿಗೂ ಏನು ನಂಟು ಎಂದು ಎರಡು ವಾರ ತಲೆ ಕೆಡಿಸಿಕೊಂಡೆ. ನಂಟು ಇತ್ತು. ಬ್ಯಾಟರಿಯ ಹಿಂದೆ, ತಲೆಯ ಮೇಲೆ ಫ್ಯೂಸ್ ಹೊತ್ತ ಒಂದು ಸಣ್ಣ ಲೋಹದ ಡಬ್ಬಿಯಿದೆ. ಅತಿ ವೋಲ್ಟೇಜಿನಿಂದ ಕಾಪಾಡುವ ರಿಲೇ ಅದು. ಎಂಜಿನ್ ನಿಯಂತ್ರಕಕ್ಕೂ ಎಬಿಎಸ್‌ಗೂ ವಿದ್ಯುತ್ ಹೋಗುವುದು ಅದರ ಮೂಲಕ. ಕಾದು ತಣಿದು, ಕಾದು ತಣಿದು, ಕಾಲು ಶತಮಾನದಲ್ಲಿ ಒಳಗಿನ ಬೆಸುಗೆ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಭೂತಗನ್ನಡಿಯಲ್ಲಿ ನೋಡಿದಾಗ ಪ್ರತಿ ಪಿನ್ನಿನ ಸುತ್ತ ಸಣ್ಣ ಉಂಗುರ. ಸೋಲ್ಡರಿಂಗ್ ಕಡ್ಡಿಯಿಂದ ಹತ್ತು ನಿಮಿಷದ ಕೆಲಸ, ಖರ್ಚು ಇಲ್ಲವೇ ಇಲ್ಲ. ಹಳೆಯ ಗಾಡಿಗಳ ಬಗ್ಗೆ ನನ್ನ ಪ್ರೀತಿ ಇಲ್ಲಿದೆ: ಕೆಟ್ಟದ್ದನ್ನು ಕಣ್ಣಿಂದ ನೋಡಬಹುದು, ಕೈಯಿಂದ ಸರಿಮಾಡಬಹುದು.

ಬಿಡಿಭಾಗಗಳ ಮಾತು. ಮರ್ಸಿಡಿಸ್‌ನ ಪ್ರತಿ ಭಾಗಕ್ಕೂ ಒಂದು ಸಂಖ್ಯೆಯಿದೆ. ಅದರ ಮೊದಲ ಮೂರು ಅಂಕಿಗಳೇ ಅದು ಯಾವ ಕುಲದ್ದೆಂದು ಹೇಳುತ್ತವೆ: 201 ಎಂದಿದ್ದರೆ ನನ್ನ ಕಾರಿನ ಸರಣಿಗಾಗಿ ಮಾಡಿದ್ದು, 102 ಎಂದಿದ್ದರೆ ನನ್ನ ಎಂಜಿನ್ನಿನದು. ಸ್ಟುಟ್‌ಗಾರ್ಟ್ ಬಳಿಯ ಫೆಲ್‌ಬಾಖ್‌ನಲ್ಲಿ ಹಳೆಯ ಮರ್ಸಿಡಿಸ್‌ಗಳಿಗೆಂದೇ 1993ರಿಂದ ಕಂಪನಿಯ ಕೇಂದ್ರವೊಂದಿದೆ. ಅಲ್ಲಿಯದು ದುಬಾರಿ ಎನಿಸಿದರೆ ಅಕ್ಟೋಬರ್‌ಗಾಗಿ ಕಾಯಬೇಕು. ಆಗ ಮಾನ್‌ಹೈಮ್‌ನ ಮೈಮಾರ್ಕ್ಟ್ ಮೈದಾನದಲ್ಲಿ ‘ವೆಟೆರಾಮಾ’ ಎಂಬ ಹಳೆಯ ವಾಹನಗಳ ಸಂತೆ ನೆರೆಯುತ್ತದೆ. ನಸುಕಿನಲ್ಲೇ ಟಾರ್ಚ್ ಹಿಡಿದವರು ಪೆಟ್ಟಿಗೆಗಳನ್ನು ಕೆದಕುತ್ತಿರುತ್ತಾರೆ. ಒಡೆದುಹೋಗಿದ್ದ ನನ್ನ ಇಂಡಿಕೇಟರ್ ಗಾಜಿಗೆ ಜೋಡಿ ಸಿಕ್ಕಿದ್ದು ಅಲ್ಲೇ, ಎಂಟು ಯೂರೋಗೆ.

ಈಗ ಮಾರ್ಪಾಡು. ಊರಿನ ಗೆಳೆಯರು ಹೆಚ್ಚಾಗಿ ಕೇಳುವುದು ಇದನ್ನೇ. ಇಲ್ಲಿ ಸ್ಪ್ರಿಂಗ್, ಗಾಲಿ, ಸ್ಟಿಯರಿಂಗ್ ಚಕ್ರ, ಯಾವುದನ್ನು ಬದಲಿಸಿದರೂ ಅದು ಕಾಗದದಲ್ಲಿಯೂ ಇರಬೇಕು. ಕೆಲವು ಭಾಗಗಳು ತಮ್ಮದೇ ಸಾಮಾನ್ಯ ಅನುಮತಿಪತ್ರದೊಂದಿಗೆ ಬರುತ್ತವೆ; ಹಾಕಿಕೊಂಡು, ಆ ಕಾಗದವನ್ನು ಕಾರಿನಲ್ಲಿಟ್ಟುಕೊಂಡರೆ ಬಹುತೇಕ ಸಾಕು. ಕೆಲವಕ್ಕೆ ಪರೀಕ್ಷಾ ವರದಿ ಇರುತ್ತದೆ. ಹಾಕಿದ ಕೂಡಲೇ ತಪಾಸಕರಿಗೆ ತೋರಿಸಿ ದೃಢೀಕರಿಸಿಕೊಳ್ಳಬೇಕು. ಯಾವ ಕಾಗದವೂ ಇಲ್ಲದ್ದಕ್ಕೆ ಆ ಒಂದು ಕಾರಿಗೆಂದೇ ಪ್ರತ್ಯೇಕ ಪರೀಕ್ಷೆ, ಅದಕ್ಕೆ ಹಣವೂ ಹೆಚ್ಚು, ತಾಳ್ಮೆಯೂ ಹೆಚ್ಚು. ಇದನ್ನೆಲ್ಲ ಬಿಟ್ಟು ಹಾಗೇ ಓಡಿಸಿದರೆ ಕಾರಿಗೆ ರಸ್ತೆಯ ಮೇಲಿರುವ ಅನುಮತಿಯೇ ರದ್ದಾಗಬಹುದು. ಅಪಘಾತವಾದರೆ ವಿಮೆಯವರೊಂದಿಗೂ ತಕರಾರು.

ನಾನು ಬದಲಿಸಿದ್ದು ಎರಡೇ. ಒಂದು, ಗಾಲಿಗಳು. ಕಪ್ಪುಕಾಡಿನ ಶಿಲ್ಟಾಖ್ ಎಂಬ ಪುಟ್ಟ ಊರಿನಲ್ಲಿ 1970ರಲ್ಲಿ ಶುರುವಾದ ಬಿಬಿಎಸ್ ಕಂಪನಿಯ, ಆ ಕಾಲದ್ದೇ ಆದ ಗಾಲಿಗಳು. ಹೆಸರಿನ ಮೂರು ಅಕ್ಷರಗಳು ಬೌಮ್‌ಗಾರ್ಟ್ನರ್, ಬ್ರಾಂಡ್ ಎಂಬ ಇಬ್ಬರು ಸ್ಥಾಪಕರು ಮತ್ತು ಆ ಊರು. ಹದಿನೈದು ಇಂಚು ವ್ಯಾಸ, ಏಳು ಇಂಚು ಅಗಲ, 205/55 ಟೈರು. ಇದೇ ಸರಣಿಯ 2.3-16 ಎಂಬ ವೇಗದ ಕಾರಿಗೆ ಕಂಪನಿಯೇ ಕೊಟ್ಟಿದ್ದ ಅಳತೆ ಅದು. 1984ರ ಮೇ ತಿಂಗಳಲ್ಲಿ ಹೊಸ ನ್ಯೂರ್ಬರ್ಗ್‌ರಿಂಗ್ ರೇಸ್ ಹಾದಿಯ ಉದ್ಘಾಟನೆಯ ಓಟವನ್ನು, ಮುಂದೆ ಫಾರ್ಮುಲಾ ಒನ್ ಚಾಂಪಿಯನ್ ಆದ ಯುವಕ ಐರ್ಟನ್ ಸೆನ್ನಾ ಗೆದ್ದದ್ದು ಆ ಕಾರಿನಲ್ಲೇ. ಪರೀಕ್ಷೆಯ ದಿನ ತಪಾಸಕರು ಒಂದು ಮುಂಗಾಲಿಯನ್ನೂ ಅದರ ಓರೆಯ ಹಿಂಗಾಲಿಯನ್ನೂ ಎತ್ತರದ ಕಟ್ಟೆಗಳ ಮೇಲೆ ಹತ್ತಿಸಿ, ಕಾರನ್ನು ತಿರುಚಿ ನಿಲ್ಲಿಸಿ, ಸ್ಟಿಯರಿಂಗನ್ನು ಎರಡೂ ಕೊನೆಗಳಿಗೆ ತಿರುಗಿಸಿ, ಟೈರು ಎಲ್ಲಿಯಾದರೂ ಉಜ್ಜುತ್ತದೆಯೇ ಎಂದು ಬೆರಳಾಡಿಸಿ ನೋಡಿದರು.

ಎರಡನೆಯದು ಎತ್ತರ. ಗಿಡ್ಡ ಸ್ಪ್ರಿಂಗ್ ಹಾಕಬೇಕೆಂದಿದ್ದೆ, ಹಿರಿಯರು ತಡೆದರು. ಈ ಕಾರಿನ ಸ್ಪ್ರಿಂಗ್‌ಗೆ ಆಧಾರವಾಗಿ ರಬ್ಬರಿನ ಉಂಗುರವೊಂದಿರುತ್ತದೆ. ಅದರ ಮೇಲೆ ಒಂದರಿಂದ ನಾಲ್ಕರವರೆಗೆ ಗುಬುಟುಗಳು. ಗುಬುಟು ಹೆಚ್ಚಿದಷ್ಟೂ ರಬ್ಬರ್ ದಪ್ಪ, ಕಾರು ಎತ್ತರ. ಎತ್ತರವನ್ನು ಹೊಂದಿಸಲು ಕಾರ್ಖಾನೆಯೇ ಇಟ್ಟ ಉಪಾಯ. ಮೂರು ಗುಬುಟಿನದನ್ನು ತೆಗೆದು ಒಂದರದನ್ನು ಹಾಕಿದೆವು. ಕಾರು ಕೊಂಚವೇ ಕುಳಿತುಕೊಂಡಿತು, ನಿಲುವು ಸುಂದರವಾಯಿತು, ಸವಾರಿ ಹಿಂದಿನಂತೆಯೇ ಮೃದುವಾಗಿ ಉಳಿಯಿತು. ಯಂತ್ರವನ್ನು ಅರಿತು ಮಾಡುವ ಇಂಥ ಸಣ್ಣ ತಿದ್ದುಪಡಿಯೇ ನನ್ನ ಪ್ರಕಾರ ಅತ್ಯುತ್ತಮ ಮಾರ್ಪಾಡು. ‘ಹಾ’ ಅಕ್ಷರಕ್ಕೂ ಇದೇ ನ್ಯಾಯ: ಮಾರ್ಪಾಡು ಆ ಕಾರಿನ ಕಾಲಕ್ಕೆ ಸಲ್ಲುವಂಥದ್ದಾಗಿರಬೇಕು.

2020ರ ಬೇಸಿಗೆಯಲ್ಲಿ, ಎಲ್ಲರೂ ಮಾಸ್ಕ್ ಧರಿಸಿದ್ದ ದಿನಗಳಲ್ಲಿ, ಪರೀಕ್ಷೆಗೆ ಒಯ್ದೆ. ತಪಾಸಕರು ಸಾಕ್ಕೊ ಹಲಗೆಯ ಹಿಂದೆ ದೀಪ ಬಿಟ್ಟು ನೋಡಿ, ವೆಲ್ಡಿಂಗ್ ಯಾರು ಮಾಡಿದ್ದು ಎಂದು ಕೇಳಿದರು. ನಾನು ಎಂದೆ. ಅವರು ತಲೆಯಾಡಿಸಿ ಮುಂದಿನ ಸಾಲಿಗೆ ಗುರುತು ಹಾಕಿದರು. ‘ಹಾ’ ಅಕ್ಷರದ ಕಾರಿಗೆ ಪೂರ್ತಿ ವರ್ಷದ ತೆರಿಗೆ ಎಂಜಿನ್ ಎಷ್ಟೇ ದೊಡ್ಡದಿದ್ದರೂ ಒಂದೇ, 191 ಯೂರೋ ಚಿಲ್ಲರೆ. ಅಪ್ಪನಿಗೆ ಫೋನ್ ಮಾಡಿ, ಓಡಿಸಲು ಬಿಡುವುದಷ್ಟೇ ಅಲ್ಲ ಅಪ್ಪ, ಈಗ ಗೌರವದ ಅಕ್ಷರವನ್ನೂ ಕೊಟ್ಟಿದ್ದಾರೆ ಎಂದೆ.

ಆಯುಧಪೂಜೆ ಇಲ್ಲಿ ಶರತ್ಕಾಲದಲ್ಲಿ, ಎಲೆ ಉದುರುವ ಹೊತ್ತಿಗೆ ಬರುತ್ತದೆ. ಸ್ಪ್ಯಾನರ್‌ಗಳನ್ನು ತೊಳೆದು ಸಾಲಾಗಿಟ್ಟು ಕುಂಕುಮ ಹಚ್ಚುತ್ತೇನೆ, ಗಾಲಿಗಳಡಿ ನಿಂಬೆಹಣ್ಣು ಇಡುತ್ತೇನೆ. ಮೊದಲ ವರ್ಷ ಹಿರಿಯರು ಕಾರಣ ಕೇಳಿದರು. ಉಪಕರಣಕ್ಕೆ ವರ್ಷಕ್ಕೊಂದು ದಿನ ಕೈಮುಗಿಯುತ್ತೇವೆ ಎಂದೆ. ಮರುವರ್ಷ ಅವರು ತಮ್ಮ ತಂದೆಯ ಕಾಲದ ತಗಡು ಬಡಿಯುವ ಸುತ್ತಿಗೆಯನ್ನು ಬಟ್ಟೆಯಲ್ಲಿ ಸುತ್ತಿ ತಂದು, ನನ್ನ ಸಾಲಿನ ಕೊನೆಯಲ್ಲಿ ಇಟ್ಟರು.

ನನ್ನ ಪ್ಲೇಟಿನ ಮೇಲೆ ತಿಂಗಳುಗಳೂ ನಮೂದಾಗಿವೆ, 04ರಿಂದ 10. ನವೆಂಬರ್‌ನಿಂದ ಮಾರ್ಚ್‌ವರೆಗೆ ಕಾರು ಸಾರ್ವಜನಿಕ ರಸ್ತೆಯಲ್ಲಿ ನಿಲ್ಲುವಂತೆಯೂ ಇಲ್ಲ, ಹಾಗಾಗಿ ಉಪ್ಪಿನ ಭಯವಿಲ್ಲ. ಈ ಚಳಿಗಾಲದ ಕೆಲಸ ಹಿಂದಿನ ಸಸ್ಪೆನ್ಷನ್ನಿನದು. ಒಂದೊಂದು ಗಾಲಿಯನ್ನೂ ಐದೈದು ತೋಳುಗಳು ಹಿಡಿದಿವೆ. ಎಲ್ಲದರ ತುದಿಯ ರಬ್ಬರ್ ಬುಷ್ ಸವೆದಿದೆ. ಹೊಸ ಬುಷ್ ಕೂರಿಸಿದ ಮೇಲೆ ಬೋಲ್ಟುಗಳನ್ನು ಲಿಫ್ಟಿನಲ್ಲಿ ತೂಗಾಡುವಾಗ ಬಿಗಿಯಬಾರದು, ಕಾರು ತನ್ನ ಗಾಲಿಗಳ ಮೇಲೆ ಪೂರ್ತಿ ಭಾರ ಬಿಟ್ಟು ನಿಂತಾಗಲೇ ಬಿಗಿಯಬೇಕು; ಇಲ್ಲದಿದ್ದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಪೆಟ್ಟಿಗೆ ಮೊನ್ನೆ ಬಂದಿದೆ. ಶನಿವಾರ ಬೆಳಿಗ್ಗೆ ಎಂಟಕ್ಕೆ ಲಿಫ್ಟು ಕಾದಿರಿಸಿದ್ದೇನೆ, ಪಕ್ಕದ್ದನ್ನು ಅವರು.