ಹೋಗದೆ ಬಂದವರ ಹಡಗು

ಶ್ರೀಲಂಕಾದಿಂದ ಮೈಸೂರಿಗೆ ಮರಳಿ ಇನ್ನೂ ವಾರ ತುಂಬಿಲ್ಲ. ನಾಗಪಟ್ಟಣದ ಬಂದರಿನಲ್ಲಿ ಪಾಸ್‌ಪೋರ್ಟ್ ನೋಡುತ್ತಿದ್ದ ಅಧಿಕಾರಿಗೂ ನಮ್ಮ ಎದುರು ಮನೆಯ ಅಜ್ಜಿಗೂ ನಡೆದ ಮಾತು ಮಾತ್ರ ನನ್ನ ಕಿವಿಯನ್ನು ಬಿಟ್ಟು ಹೋಗುತ್ತಿಲ್ಲ. "ಹಡಗಿನಲ್ಲಿ ಹೋಗುವುದು ಇದೇ ಮೊದಲೇ?" ಎಂದು ಅವರು ತಮಿಳಿನಲ್ಲಿ ಕೇಳಿದರು. "ಹೋಗುವುದು ಇದೇ ಮೊದಲು, ಬಂದದ್ದು ಹಿಂದೆಯೇ ಆಗಿದೆ" ಎಂದರು ಅಜ್ಜಿ. "ಹೋಗದೆ ಬರುವುದು ಹೇಗೆ ಪಾಟಿ?" ಎಂದು ಅವರು ನಕ್ಕರು. ಅಜ್ಜಿ ನಗಲಿಲ್ಲ. "ನಮ್ಮನ್ನು ಹಾಗೆಯೇ ಕರೆತಂದರಪ್ಪಾ" ಎಂದು ಪಾಸ್‌ಪೋರ್ಟಿಗೆ ಕೈ ಚಾಚಿದರು.

ಆ ಅಧಿಕಾರಿಯನ್ನು ನಾನು ದೂರುವುದಿಲ್ಲ. ಹುಡುಗ ವಯಸ್ಸಿನವರು, ವಿನಯವಂತರು. ಆದರೆ ಅವರು ನಿಂತಿದ್ದ ಕರಾವಳಿಯ ಚರಿತ್ರೆಯೇ ಅವರಿಗೆ ತಿಳಿದಿರಲಿಲ್ಲವೆಂಬುದು ನನ್ನನ್ನು ನೋಯಿಸಿತು. ಬ್ರಿಟಿಷರ ಕಾಲದಲ್ಲಿ ತಮಿಳು ಸೀಮೆಯಿಂದ ಸಿಲೋನಿನ, ಅಂದರೆ ಇಂದಿನ ಶ್ರೀಲಂಕಾದ, ಬೆಟ್ಟದ ತೋಟಗಳಿಗೆ ಕೂಲಿಗೆ ಹೋದವರ ಮಕ್ಕಳು ಮೊಮ್ಮಕ್ಕಳು, 1948ರಲ್ಲಿ ಆ ದೇಶ ಸ್ವತಂತ್ರವಾದ ವರ್ಷವೇ ಬಂದ ಪೌರತ್ವ ಕಾಯ್ದೆಯಿಂದಾಗಿ ಯಾವ ದೇಶಕ್ಕೂ ಸೇರದವರಾದರು. 1964ರ ಅಕ್ಟೋಬರ್ 30ರಂದು ನಮ್ಮ ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿಯವರೂ ಸಿಲೋನಿನ ಪ್ರಧಾನಿ ಸಿರಿಮಾವೋ ಬಂಡಾರನಾಯಿಕೆಯವರೂ ಮಾಡಿಕೊಂಡ ಒಪ್ಪಂದದಲ್ಲಿ 5,25,000 ಜನ ಭಾರತಕ್ಕೆ, 3,00,000 ಜನ ಸಿಲೋನಿಗೆ ಎಂದು ಪಾಲಾಯಿತು. ಉಳಿದ 1,50,000 ಜನರ ಲೆಕ್ಕವನ್ನು 1974ರಲ್ಲಿ ಎರಡೂ ಸರ್ಕಾರಗಳು ಸಮನಾಗಿ ಹಂಚಿಕೊಂಡವು. ಅಣ್ಣತಮ್ಮಂದಿರು ಜಮೀನು ಪಾಲು ಮಾಡುವಾಗಲಾದರೂ ಹಿರಿಯರನ್ನು ಕೂರಿಸಿ ಕೇಳುತ್ತಾರೆ. ಇಲ್ಲಿ ಪಾಲಾದವರು ಮನುಷ್ಯರು, ಮತ್ತು ಅವರಲ್ಲಿ ಯಾರೂ ಆ ಮೇಜಿನ ಬಳಿ ಇರಲಿಲ್ಲ.

ಅಜ್ಜಿ ಹುಟ್ಟಿದ್ದು ಹಟ್ಟನ್ ಬಳಿಯ ಟೀ ತೋಟದ ಕೂಲಿಗಳ ಸಾಲುಮನೆಯಲ್ಲಿ, ಅಂದರೆ ಲೈನ್ ಮನೆಯಲ್ಲಿ. ಅವರ ತಾಯಿ ಹುಟ್ಟಿದ್ದೂ ಅಲ್ಲಿಯೇ. ಎಪ್ಪತ್ತರ ದಶಕದ ಆರಂಭದಲ್ಲಿ ಇಡೀ ಕುಟುಂಬ ರೈಲಿನಲ್ಲಿ ತಲೈಮನ್ನಾರಿಗೆ ಬಂದು, ಅಲ್ಲಿಂದ ರಾಮೇಶ್ವರದ ಹಡಗು ಹತ್ತಿತು. ಅದಕ್ಕೂ ಮೊದಲು ಹಡಗುಗಳು ಧನುಷ್ಕೋಟಿಗೆ ಬರುತ್ತಿದ್ದವು. ಒಪ್ಪಂದಕ್ಕೆ ಸಹಿ ಬಿದ್ದ ಎರಡು ತಿಂಗಳೊಳಗೆ, 1964ರ ಡಿಸೆಂಬರಿನ ಚಂಡಮಾರುತ ಆ ಊರನ್ನೂ ಅದರ ರೈಲು ಹಳಿಯನ್ನೂ ಅಳಿಸಿಹಾಕಿತ್ತು. ಮಂಡಪಂ ಶಿಬಿರದಲ್ಲಿ ಕೆಲವು ಕಾಲ ಇಟ್ಟುಕೊಂಡು, ಬಳಿಕ ಇವರನ್ನು ನಮ್ಮ ಸುಳ್ಯದ ಸರ್ಕಾರಿ ರಬ್ಬರ್ ತೋಟಕ್ಕೆ ಕಳುಹಿಸಿದರು. ಚಹಾದ ಚಿಗುರು ಕಿತ್ತು ಪಳಗಿದ ಕೈಗಳು ರಬ್ಬರ್ ಮರಕ್ಕೆ ಕತ್ತಿ ಹಾಕುವುದನ್ನು ಕಲಿತವು. ಮಗಳಿಗೆ ಮೈಸೂರಿನಲ್ಲಿ ಕೆಲಸವಾದ ಮೇಲೆ ಅಜ್ಜಿ ಕುವೆಂಪುನಗರಕ್ಕೆ ಬಂದರು. ಆದರೂ ಅವರ ಕನ್ನಡ ಇವತ್ತಿಗೂ ಸುಳ್ಯದ್ದೇ: "ನನಗೊಮ್ಮೆ ಅಕ್ಕನನ್ನು ನೋಡಲಿಕ್ಕುಂಟು" ಎಂದು ಅವರು ನನಗೆ ಹೇಳುತ್ತಲೇ ಇದ್ದರು. ಅಕ್ಕನಿಗೆ ಆಗಲೇ ಮದುವೆಯಾಗಿತ್ತು, ಅವಳ ಗಂಡನ ಮನೆಯವರ ಹೆಸರು ಸಿಲೋನಿನ ಪಾಲಿಗೆ ಬಂದಿತ್ತು.

ಮಗಳು ವಿಮಾನವೆಂದಳು. ಒಳ್ಳೆಯ ಹುಡುಗಿ, ತಾಯಿಯನ್ನು ಕಣ್ಣಿನಂತೆ ನೋಡಿಕೊಳ್ಳುತ್ತಾಳೆ, ಆದರೆ ತಾಯಿಯ ಹಟದ ಹಿಂದೆ ಏನಿದೆಯೆಂದು ಕೂತು ಕೇಳುವ ತಾಳ್ಮೆ ಅವಳಿಗಿಲ್ಲ. ಅಜ್ಜಿ ಹಡಗನ್ನು ಬಿಟ್ಟುಕೊಡಲಿಲ್ಲ, ಜೊತೆಗೆ ಹೋಗಲು ನಾನು ಒಪ್ಪಿದೆ. ಸಂಜೆ ಮೈಸೂರು ಬಿಟ್ಟ ರೈಲು ಶ್ರೀರಂಗಪಟ್ಟಣದಲ್ಲಿ ಕಾವೇರಿಯನ್ನು ದಾಟಿ ಮಂಡ್ಯದ ಗದ್ದೆಗಳ ನಡುವೆ ಸಾಗಿತು. ಬೆಳಿಗ್ಗೆ ತಂಜಾವೂರಿನಲ್ಲಿ ಇಳಿದು ನಾಗಪಟ್ಟಣದ ಬಸ್ಸು ಹತ್ತಿದಾಗಲೂ ದಾರಿಯ ಎರಡೂ ಬದಿಗೆ ಅದೇ ನದಿಯ ಕಾಲುವೆಗಳಿದ್ದವು.

ನಾಗಪಟ್ಟಣಕ್ಕೂ ಶ್ರೀಲಂಕಾದ ಯಾಳ್ಪಾಣದ (ಜಾಫ್ನಾ) ಉತ್ತರದ ಕಾಂಕೇಸನ್‌ತುರೈಗೂ ನಡುವೆ ಹಡಗು 2023ರ ಅಕ್ಟೋಬರ್ 14ರಂದು ಆರಂಭವಾಗಿ, ಹಿಂಗಾರು ಬರುತ್ತಿದ್ದಂತೆ ಕೆಲವೇ ದಿನಗಳಲ್ಲಿ ನಿಂತಿತ್ತು. 2024ರ ಆಗಸ್ಟ್ 16ರಿಂದ 'ಶಿವಗಂಗೈ' ಎಂಬ ಹಡಗು ಓಡತೊಡಗಿತು. ಸುಮಾರು 110 ಕಿಲೋಮೀಟರ್ ದೂರ, ನಾಲ್ಕು ಗಂಟೆಯ ಹಾದಿ. ತಲೈಮನ್ನಾರಿನ ಹಳೆಯ ಹಾದಿ ಇದರ ಅರ್ಧಕ್ಕಿಂತಲೂ ಕಡಿಮೆ. 2015ರಲ್ಲಿ ತಲೈಮನ್ನಾರಿಗೆ ಮತ್ತೆ ರೈಲು ಬಂದಿತಾದರೂ, ರೈಲಿಳಿದವರನ್ನು ಈಚೆ ದಡಕ್ಕೆ ತರುವ ಹಡಗು ಅದರೊಂದಿಗೆ ಬರಲಿಲ್ಲ. ಲಕ್ಷಾಂತರ ಜನರನ್ನು ಒಂದೇ ದಿಕ್ಕಿಗೆ ಸಾಗಿಸಲು ಅಂದು ಎರಡೂ ಸರ್ಕಾರಗಳು ಹಡಗು ಒದಗಿಸಿದವು. ಅವರ ಮಕ್ಕಳು ಮೊಮ್ಮಕ್ಕಳು ಹೋಗಿ ಬರಲು ಒಂದು ಖಾಯಂ ಹಡಗು ಓಡಿಸುವುದನ್ನು ಲಾಭನಷ್ಟದ ಪ್ರಶ್ನೆಯಾಗಿ ನೋಡುವುದು ನ್ಯಾಯವಲ್ಲವೆಂದೇ ನಾನು ತಿಳಿದಿದ್ದೇನೆ. ಅಜ್ಜಿ ಕಿಟಕಿಯ ಪಕ್ಕ ಕುಳಿತು ತಮ್ಮ ಟಿಕೇಟನ್ನು ಮತ್ತೆ ಮತ್ತೆ ತೆಗೆದು ನೋಡುತ್ತಿದ್ದರು. "ಏನು ನೋಡುತ್ತೀರಿ ಅಜ್ಜಿ?" ಎಂದೆ. "ಇದರಲ್ಲಿ ವಾಪಸು ಬರುವ ದಿನವೂ ಉಂಟಲ್ಲ ಅಮ್ಮಾ, ಅಪ್ಪನ ಕೈಯಲ್ಲಿದ್ದದ್ದರಲ್ಲಿ ಇರಲಿಲ್ಲ" ಎಂದರು. ಹೋಗದೆ ಬರುವುದು ಹೇಗೆ ಎಂಬ ಪ್ರಶ್ನೆ ನನಗೆ ಮತ್ತೆ ಕೇಳಿಸಿತು.

ಆಚೆ ದಡದಿಂದ ಹಟ್ಟನ್‌ವರೆಗಿನ ರೈಲು ಪ್ರಯಾಣ ದೀರ್ಘವಾಗಿತ್ತು, ಅದರ ಬಗ್ಗೆ ಬರೆಯುವಂಥದ್ದು ಹೆಚ್ಚಿಲ್ಲ. ಅಕ್ಕ ಲೈನ್ ಮನೆಯ ಜಗಲಿಯಲ್ಲಿದ್ದರು. ತಂಗಿಯ ಮುಖವನ್ನು ಕೈಯಿಂದ ಸವರಿ ಅವರು ಮೊದಲು ಕೇಳಿದ್ದು, "ಅಪ್ಪನಿಗೆ ಅಲ್ಲಿ ಹೊಟ್ಟೆ ತುಂಬ ಊಟ ಸಿಕ್ಕಿತೇ?" ಎಂದು. ಅಪ್ಪ ತೀರಿಕೊಂಡ ಸುದ್ದಿ ಅವರಿಗೆ ಕಾಗದದಲ್ಲಿ ತಲುಪಿತ್ತು, ಈ ಪ್ರಶ್ನೆಯನ್ನು ಕಾಗದದಲ್ಲಿ ಕೇಳಲು ಅವರಿಗೆ ಮನಸ್ಸು ಬಂದಿರಲಿಲ್ಲವಂತೆ. ಅಜ್ಜಿ "ಸಿಕ್ಕಿತು ಅಕ್ಕಾ" ಎಂದರು. ಅದು ಪೂರ್ತಿ ನಿಜವಲ್ಲವೆಂದು ರೈಲಿನಲ್ಲಿ ಅವರೇ ನನಗೆ ಹೇಳಿದ್ದರು.

ಈಗ ಅಕ್ಕನ ಮೊಮ್ಮಗ ಅವರಿಗೆ ಪಾಸ್‌ಪೋರ್ಟ್ ಮಾಡಿಸುತ್ತಿದ್ದಾನೆ. ದಸರೆ ನೋಡಬೇಕೆಂಬುದು ಅವರ ಆಸೆ. ಆದರೆ ದಸರೆ ತಡವಾಗಿ ಬಂದ ವರ್ಷ ಹಿಂಗಾರು ಅದರ ಬೆನ್ನಿಗೇ ಇರುತ್ತದೆ, ಹಡಗು ನಿಂತರೆ ಅವರು ಇಲ್ಲಿಯೇ ಉಳಿಯಬೇಕಾಗುತ್ತದೆ. ಗಣೇಶನ ಹಬ್ಬದ ಹೊತ್ತಿಗೆ ಬಂದು ದಸರೆಯ ದೀಪಾಲಂಕಾರವಾದರೂ ಸಿದ್ಧವಾಗುವುದನ್ನು ನೋಡಿಕೊಂಡು ಹೋಗಲಿ ಎಂದು ನಾನು ಹೇಳಿದ್ದೇನೆ. ಅಜ್ಜಿ ಒಪ್ಪಿಲ್ಲ. ಉಳಿಯಬೇಕಾಗಿ ಬಂದರೆ ಹಡಗು ಮತ್ತೆ ಹೊರಡುವವರೆಗೂ ಅಕ್ಕ ತಮ್ಮ ಮನೆಯಲ್ಲೇ ಇರಲಿ ಎನ್ನುತ್ತಾರೆ.