ಫೀನಿಕ್ಸಿನ ಬಿಸಿಲು, ಹಳೇ ಕಾರು, ದುರ್ಗದಬೈಲಿನ ಕಾಕಾ

"ಏ ತಮ್ಮಾ, ಗ್ಯಾಸ್ ಮುಗದೈತಿ ಅಂತಿ. ಹೋತೆಲ್ಲಿಗೆ? ನೀ ಏನ ಕುಡದೇನು?"

ನನ್ನ ಹಳೇ ಕಾರಿನ ಏಸಿಯ ಗ್ಯಾಸ್ ಮುಗಿದಿದೆ ಅಂದದ್ದಕ್ಕೆ ಕಾಕಾ ವಿಡಿಯೋ ಕಾಲ್‌ನಲ್ಲಿ ಹೀಗೆ ಕೇಳಿದಾಗ ನಾನು ಗ್ಯಾರೇಜಿನಲ್ಲಿ ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದೆ. ಇಲ್ಲಿ ಅಮೆರಿಕದ ಫೀನಿಕ್ಸ್‌ನಲ್ಲಿ ರಾತ್ರಿ 8 ಗಂಟೆ ಅಂದರೆ ಹುಬ್ಬಳ್ಳಿಯಲ್ಲಿ ಮರುದಿನ ಬೆಳಗ್ಗೆ 8:30. ಕಾಕಾ ದುರ್ಗದಬೈಲಿನ ಹಿಂದಿನ ಓಣಿಯಲ್ಲಿರುವ ತಮ್ಮ ಅಂಗಡಿಯ ಶಟರ್ ಆಗಷ್ಟೇ ಎತ್ತಿದ್ದರು. ಕೈಯಲ್ಲಿ ಚಹಾ, ಬೆನ್ನ ಹಿಂದೆ ಬಾಗಿಲು ಕಳಚಿಟ್ಟ ಒಂದು ಫ್ರಿಜ್. ನಾನು ಚಡ್ಡಿ ಹಾಕುತ್ತಿದ್ದ ಕಾಲದಿಂದಲೂ ಅವರದು ಫ್ರಿಜ್ ರಿಪೇರಿ ಕೆಲಸ. ಕಾರಿನ ಏಸಿ ಅವರ ಕಸುಬಲ್ಲ. ಆದರೂ ಆ ಪ್ರಶ್ನೆ ನನ್ನನ್ನು ಸುಮ್ಮನಾಗಿಸಿತು. ಗ್ಯಾಸ್ ಎಲ್ಲಿಗೆ ಹೋಯ್ತು? ನಾನು ಯೋಚನೆಯೇ ಮಾಡಿರಲಿಲ್ಲ.

ಕಾರಿನ ಕಥೆ ಮೊದಲು ಹೇಳಿಬಿಡುತ್ತೇನೆ. ಹುಬ್ಬಳ್ಳಿಯ ಬಿವಿಬಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದುವಾಗ ರೂಮಿನ ಗೋಡೆ ಮೇಲೆ ಒಂದು ಕೆಂಪು ಕಾರಿನ ಚಿತ್ರ ಅಂಟಿಸಿದ್ದೆ. ಎರಡೇ ಸೀಟು, ಕಣ್ಣು ಮುಚ್ಚಿ ತೆರೆಯುವ ಹೆಡ್‌ಲೈಟು. ಇಲ್ಲಿಗೆ ಬಂದು ಎಷ್ಟೋ ವರ್ಷದ ಮೇಲೆ, 2023ರ ಜನವರಿಯಲ್ಲಿ ಅಂಥದ್ದೇ ಒಂದು 1990ರ ಜಪಾನಿ ಕಾರು ಸಿಕ್ಕಿತು. ಜನವರಿಯಲ್ಲಿ ಫೀನಿಕ್ಸ್ ಅಂದರೆ ಧಾರವಾಡದ ಡಿಸೆಂಬರ್ ಇದ್ದ ಹಾಗೆ. ಟಾಪ್ ತೆಗೆದು ಓಡಾಡಿದೆವು. ಏಸಿ ಹಾಕಿ ನೋಡಬೇಕು ಅನ್ನೋದು ತಲೆಗೇ ಬರಲಿಲ್ಲ. ಇಂಥ ಕಾರುಗಳನ್ನು ಇಲ್ಲಿನವರು ಜನವರಿಯಲ್ಲೇ ಯಾಕೆ ಮಾರುತ್ತಾರೆ ಅಂತ ಜುಲೈನಲ್ಲಿ ಗೊತ್ತಾಯಿತು.

ಆ ಬೇಸಿಗೆ ನೆನಪಿದೆಯಾ? ಪೇಪರಿನಲ್ಲೂ ಬಂದಿತ್ತು. ಸತತ 31 ದಿನ ಇಲ್ಲಿ 43 ಡಿಗ್ರಿ ದಾಟಿತು. ಎಷ್ಟೋ ರಾತ್ರಿ 32ರ ಕೆಳಗೆ ಇಳಿಯಲೇ ಇಲ್ಲ. ನಮ್ಮಲ್ಲಿ ಏಪ್ರಿಲ್‌ನಲ್ಲಿ 38 ಆದರೆ "ಏನ್ ಝಳಾನೋ ಮಾರಾಯ" ಅಂತೀವಲ್ಲ, ಇದು ಆ ಲೆಕ್ಕದ್ದಲ್ಲ. ಬ್ಯಾಡಗಿಯ ಮೆಣಸಿನಕಾಯಿ ತಂದು ಡ್ಯಾಶ್‌ಬೋರ್ಡ್ ಮೇಲೆ ಹರವಿದ್ದರೆ ಸಂಜೆಗೆ ಗಲಗಲ ಅನ್ನುತ್ತಿತ್ತು. ಸೀಟ್ ಬೆಲ್ಟಿನ ಕೊಂಡಿ ಮುಟ್ಟಿದರೆ ಕೈ ಚುರ್ ಅನ್ನುತ್ತದೆ. ಸ್ಟೇರಿಂಗ್ ಹಿಡಿಯಲು ಅಡುಗೆಮನೆಯ ಕೈಗವಸು ಹಾಕಿಕೊಳ್ಳುವವರಿದ್ದಾರೆ. ನಾನು ನಗುತ್ತಿದ್ದೆ. ಈಗ ನನ್ನ ಕಾರಿನಲ್ಲೂ ಒಂದು ಜೊತೆ ಇದೆ.

ಏಸಿಯಿಂದ ಬೆಚ್ಚನೆ ಗಾಳಿ ಬರುತ್ತಿತ್ತು. ನಾನು ಹುಬ್ಬಳ್ಳಿಯವನು, ನನಗೆ ಗೊತ್ತಿದ್ದ ಮದ್ದು ಒಂದೇ: ಗ್ಯಾಸ್ ತುಂಬಿಸು. ಇಲ್ಲಿ ಅದಕ್ಕೆ ಗ್ಯಾರೇಜಿಗೂ ಹೋಗಬೇಕಿಲ್ಲ. ಬಿಡಿಭಾಗದ ಅಂಗಡಿಯಲ್ಲಿ ಸಣ್ಣ ಡಬ್ಬಿ ಸಿಗುತ್ತದೆ, ಪೈಪು ಸಿಕ್ಕಿಸಿ ನಾವೇ ತುಂಬಬಹುದು. ತುಂಬಿದೆ. ಎರಡು ವಾರ ತಂಪು, ಮತ್ತೆ ಬೆಚ್ಚಗೆ. ಮತ್ತೊಂದು ಡಬ್ಬಿ. ಮೂರನೆಯದು 'ಸೋರಿಕೆಯನ್ನೂ ಮುಚ್ಚುತ್ತದೆ' ಅಂತ ಬರೆದಿದ್ದ ಡಬ್ಬಿ. ಅದನ್ನೂ ಹಾಕಿದೆ. ನಾನು ಮಾಡಿದ ದೊಡ್ಡ ತಪ್ಪು ಅದೇ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಕಾಕಾ ಹೇಳಿದ್ದು ಇಷ್ಟು: "ಅದೇನ್ ಪೆಟ್ರೋಲ್ ಅಲ್ಲ ಸುಟ್ಟು ಹೋಗಾಕ. ಅದs ಗ್ಯಾಸ್ ಸುತ್ತಿ ಸುತ್ತಿ ಬರತೈತಿ. ಕಮ್ಮಿ ಆತು ಅಂದ್ರ ಎಲ್ಲೋ ಸೋರಾಕತ್ತೈತಿ. ಸೋರೋದು ಬಿಟ್ಟು ತುಂಬಾಕ ಹೊಂಟಿ. ತೂತ್ ಬಿದ್ದ ಕೊಡಕ್ಕ ನೀರ್ ಹಾಕಿದಂಗ."

ಆಮೇಲೆ ಇನ್ನೊಂದು ಪ್ರಶ್ನೆ. ಗಾಡಿ ಓಡುವಾಗ ತಂಪು, ಸಿಗ್ನಲ್‌ನಲ್ಲಿ ನಿಂತರೆ ಬಿಸಿ, ಹಾಗಾಗುತ್ತಾ ಅಂತ. ಹೌದ್ರೀ ಕಾಕಾ, ಹಂಗs ಆಗತೈತಿ ಅಂದೆ. "ಹಂಗಾರ ಫ್ಯಾನ್ ನೋಡು ಮೊದ್ಲ" ಅಂದರು.

ಇದು ಅವರ ಕಸುಬಿನ ಮಾತು. ಫ್ರಿಜ್ ಒಳಗಿನ ಬಿಸಿಯನ್ನು ಎಳೆದು ಹಿಂದಿನ ಜಾಲಿಯಿಂದ ಹೊರಗೆ ಬಿಸಾಕುತ್ತದೆ. ಅದಕ್ಕೇ ಫ್ರಿಜ್ಜನ್ನು ಗೋಡೆಗೆ ಒತ್ತಿ ಇಡಬಾರದು ಅನ್ನೋದು. ಕಾರಿನಲ್ಲಿ ಆ ಜಾಲಿಯ ಹೆಸರು ಕಂಡೆನ್ಸರ್. ರೇಡಿಯೇಟರಿನ ಮುಂದೆ ಇರುತ್ತದೆ. ಗಾಡಿ ಓಡುವಾಗ ಗಾಳಿ ತಾನೇ ನುಗ್ಗುತ್ತದೆ. ನಿಂತಾಗ ಫ್ಯಾನ್ ಎಳೆಯಬೇಕು. ಹೊರಗೆ 45 ಡಿಗ್ರಿ ಇರುವಾಗ ಬಿಸಿ ಬಿಸಾಕುವುದೇ ಕಷ್ಟ, ಫ್ಯಾನ್ ಸೋತರೆ ಮುಗಿಯಿತು. ಒತ್ತಡ ಏರುತ್ತದೆ, ತಂಪು ಇಳಿಯುತ್ತದೆ.

ಕಾಕಾ ಹೇಳಿದ ಪರೀಕ್ಷೆ ಪೇಪರಿನದು. ಎಂಜಿನ್ ಶುರು ಮಾಡಿ, ಏಸಿ ಹಾಕಿ, ಒಂದು ಹಾಳೆಯನ್ನು ಕಂಡೆನ್ಸರ್ ಮುಂದೆ ಹಿಡಿ. ಗಟ್ಟಿಯಾಗಿ ಅಂಟಿಕೊಳ್ಳಬೇಕು. ನಾನು ಹಿಡಿದ ಹಾಳೆ ಒಂದು ಕಡೆ ಅಂಟಿತು, ಇನ್ನೊಂದು ಕಡೆ ಜಾರಿ ನೆಲಕ್ಕೆ ಬಿತ್ತು. ಎರಡು ಫ್ಯಾನ್‌ಗಳಲ್ಲಿ ಒಂದು ತಿರುಗುತ್ತಲೇ ಇರಲಿಲ್ಲ. ಕಾಕಾ ಸ್ಕ್ರೀನಿನಲ್ಲಿ ಆ ಹಾಳೆ ಬಿದ್ದದ್ದನ್ನು ನೋಡಿ ಚಹಾ ಗುಟುಕರಿಸಿದರು. ಏನೂ ಅನ್ನಲಿಲ್ಲ.

ಫ್ಯಾನಿನ ಮೋಟರ್ ಬದಲಿಸಿದೆ. ಅದಕ್ಕಿಂತ ಜಾಸ್ತಿ ಫಲ ಕೊಟ್ಟದ್ದು ಬರೀ ಫೋಮ್ ಪಟ್ಟಿ ಅಂದರೆ ನಂಬಬೇಕು. ಹೊಸದಾಗಿದ್ದಾಗ ಕಂಡೆನ್ಸರಿನ ಸುತ್ತ ಫೋಮ್ ಇರುತ್ತದೆ, ಗಾಳಿ ಅಡ್ಡದಾರಿ ಹಿಡಿಯದಿರಲಿ ಅಂತ. ಮೂವತ್ತು ವರ್ಷಕ್ಕೆ ಅದು ಪುಡಿಯಾಗಿ ಉದುರಿಹೋಗಿರುತ್ತದೆ. ಆಗ ರೇಡಿಯೇಟರಿನ ಬಿಸಿ ಗಾಳಿಯೇ ಸುತ್ತಿ ಬಂದು ಮತ್ತೆ ಕಂಡೆನ್ಸರಿಗೆ ನುಗ್ಗುತ್ತದೆ. ಹೊಸ ಪಟ್ಟಿ ಕತ್ತರಿಸಿ ಅಂಟಿಸಿದೆ. ಕಂಡೆನ್ಸರಿನ ಸಂದಿಗಳಲ್ಲಿ ಸತ್ತ ಹುಳ, ಪಾಲೋ ವರ್ಡೆ ಮರದ ಹಳದಿ ಹೂವು ತುಂಬಿದ್ದವು. ನಿಧಾನಕ್ಕೆ ನೀರು ಬಿಟ್ಟು ತೊಳೆದೆ. ಜೋರಾಗಿ ಬಿಟ್ಟರೆ ಆ ತೆಳುವಾದ ಎಲೆಗಳು ಮಡಚಿಕೊಳ್ಳುತ್ತವೆ.

ಒಳಗಿನ ಫೋಮಿನದು ಇನ್ನೊಂದು ಗೋಳು. ತಂಪು ಗಾಳಿಗೂ ಹೀಟರಿನ ಬಿಸಿ ಗಾಳಿಗೂ ನಡುವೆ ಒಂದು ಬಾಗಿಲಿರುತ್ತದೆ, ಅದರ ಅಂಚಿಗೂ ಫೋಮು. ಒಮ್ಮೆ ದೇವಸ್ಥಾನಕ್ಕೆ ಹೊರಟಾಗ ಏಸಿ ಜೋರು ಮಾಡಿದೆ. ಹೆಂಡತಿಯ ಬಿಳಿ ಕುರ್ತಾ ಮೇಲೆ ಕಪ್ಪು ಪುಡಿ ಎಳ್ಳು ಚೆಲ್ಲಿದ ಹಾಗೆ ಬಂದು ಕೂತಿತು. ಅವಳು ಆ ಕಾರು ಹತ್ತಿದ್ದು ಮತ್ತೆ ದೀಪಾವಳಿಗೇ.

ಇನ್ನು ಸೋರಿಕೆ. ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. 1990ರ ಕಾರು ಅಂದರೆ ಅದರಲ್ಲಿ ಮೊದಲು ಇದ್ದದ್ದು ಆರ್-12 ಗ್ಯಾಸ್. ಓಝೋನ್ ಪದರಕ್ಕೆ ತೂತು ಮಾಡುತ್ತದೆ ಅಂತ 1987ರ ಮಾಂಟ್ರಿಯಲ್ ಒಪ್ಪಂದದಲ್ಲಿ ಅಂಥ ಗ್ಯಾಸ್‌ಗಳನ್ನು ಕಮ್ಮಿ ಮಾಡುವ ತೀರ್ಮಾನ ಆಯಿತು. ಅಮೆರಿಕದಲ್ಲಿ 1995ರ ಕೊನೆಗೆ ಅದರ ತಯಾರಿಕೆ ನಿಂತಿತು. ಕಾಕಾಗೆ ಇದು ಪಾಠದ ವಿಷಯ ಅಲ್ಲ. ನಮ್ಮೂರಿನ ಹಳೇ ಫ್ರಿಜ್‌ಗಳಲ್ಲೂ ಇದ್ದದ್ದು ಅದೇ ಆರ್-12. ಅದು ಹೋಗಿ ಆರ್-134ಎ ಬಂದಾಗ ಅವರು ಕೈ ಸುಟ್ಟುಕೊಂಡವರು.

"ಎಣ್ಣಿ ಬದಲ್ ಮಾಡ್ಯಾರೇನು ಕೇಳು" ಅಂದರು. ಹಳೆಯ ಮಾಲೀಕ ಬರೀ ಗ್ಯಾಸ್ ತುಂಬುವ ಬಾಯಿಗಳನ್ನು ಬದಲಿಸಿ ಹೊಸ ಗ್ಯಾಸ್ ಹಾಕಿದ್ದ. ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರಿನೊಳಗೆ ಎಣ್ಣೆ ಇರುತ್ತದೆ, ಗ್ಯಾಸ್ ಜೊತೆ ಅದೂ ಸುತ್ತುತ್ತದೆ. ಆರ್-12 ಕಾಲದ ಖನಿಜ ಎಣ್ಣೆ ಹೊಸ ಗ್ಯಾಸ್ ಜೊತೆ ಬೆರೆಯುವುದಿಲ್ಲ. ಎಲ್ಲೋ ಮೂಲೆಯಲ್ಲಿ ಕೂತುಬಿಡುತ್ತದೆ, ಕಂಪ್ರೆಸರ್ ಒಣಗಿ ಸವೆಯುತ್ತದೆ. ಹಳೇ ರಬ್ಬರ್ ಪೈಪುಗಳಿಂದ ಹೊಸ ಗ್ಯಾಸ್ ಬೇಗ ಜಿನುಗುತ್ತದೆ ಕೂಡ, ಅದರ ಕಣಗಳು ಸಣ್ಣವು. ಒಳಗೆ ಇನ್ನೊಂದು ಪದರ ಇರುವ ಪೈಪೇ ಬೇಕು.

ಗ್ಯಾರೇಜಿಗೆ ಒಯ್ದೆ. ಅಲ್ಲಿನ ಹುಡುಗ ಏನೋ ಸಿಕ್ಕಿಸಿ ನೋಡಿ ಮುಟ್ಟಲ್ಲ ಅಂದುಬಿಟ್ಟ. ನಾನು ಹಾಕಿದ್ದ ಸೋರಿಕೆ ಮುಚ್ಚುವ ಮದ್ದು ಅವರ ಗ್ಯಾಸ್ ಎಳೆಯುವ ಮೆಷಿನ್ನಿನೊಳಗೆ ಹೋದರೆ ಅದೂ ಅಂಟಿಕೊಂಡು ಕೆಡುತ್ತದಂತೆ. ನ್ಯಾಯವೇ. ಗ್ಯಾಸನ್ನು ಸುಮ್ನೆ ಗಾಳಿಗೆ ಬಿಡುವ ಹಾಗೂ ಇಲ್ಲ, ಇಲ್ಲಿ ಅದು ಅಪರಾಧ. ದುಡ್ಡು ತಗೊಂಡು ಕಾರಿನ ಏಸಿ ಕೆಲಸ ಮಾಡುವವರು ಪರೀಕ್ಷೆ ಬರೆದು ಸರ್ಟಿಫಿಕೇಟ್ ಇಟ್ಟುಕೊಂಡಿರಬೇಕು. ಕಾಕಾಗೆ ಇದನ್ನು ಹೇಳಿದೆ. "ಪುಸ್ತಕ ನೋಡಿ ಬರೀಬಹುದಂತೆ" ಅಂದ ಮೇಲೆ ಬಹಳ ನಕ್ಕರು.

ಕೊನೆಗೆ ಪಕ್ಕದ ಊರು ಮೆಸಾದಲ್ಲಿ ಒಬ್ಬ ಮುದುಕ ಮೆಕ್ಯಾನಿಕ್ ಒಪ್ಪಿಕೊಂಡ. ಇಂಥ ಹಾಳು ಗ್ಯಾಸಿಗೆಂದೇ ಅವನ ಹತ್ತಿರ ಬೇರೆ ಮೆಷಿನ್ ಇತ್ತು. ಅವನೂ ನಮ್ಮ ಕಾಕಾನ ಜಾತಿಯವನೇ ಅನ್ನಬೇಕು, ಮಾತು ಕಮ್ಮಿ. ಪೈಪಿನ ಜೋಡಣೆ ಮೇಲೆ ಬೆರಳು ಓಡಿಸಿ ತೋರಿಸಿದ. ಬೇರೆಲ್ಲ ಕಡೆ ಒಣ ಧೂಳು, ಅಲ್ಲಿ ಮಾತ್ರ ಜಿಡ್ಡು ಧೂಳು. ಗ್ಯಾಸ್ ಸೋರಿದಲ್ಲಿ ಎಣ್ಣೆಯೂ ಜಿನುಗಿರುತ್ತದೆ, ಧೂಳು ಅಲ್ಲೇ ಹಿಡಿಯುತ್ತದೆ. ಬಿಚ್ಚಿದರೆ ಒಳಗೆ ಒಂದು ರಬ್ಬರ್ ರಿಂಗು, ಗಟ್ಟಿಯಾಗಿ ಚಪ್ಪಟೆಯಾಗಿತ್ತು. ಉಗುರಿನಿಂದ ಒತ್ತಿದರೆ ಪಟ್ ಅಂತ ಮುರಿಯಿತು. ಮೂರು ಡಬ್ಬಿ ಗ್ಯಾಸ್ ಆ ರಿಂಗಿನ ಪಕ್ಕದಿಂದ ಹೋಗಿತ್ತು.

ಎಲ್ಲ ರಿಂಗು, ಎರಡು ಪೈಪು, ಒಳಗಿನ ತೇವ ಹೀರುವ ಡ್ರೈಯರ್ ಬದಲಿಸಿದ. ಹಳೇ ಎಣ್ಣೆ ತೊಳೆದು ತೆಗೆದು ಹೊಸದು ಹಾಕಿದ. ಹಳೇ ಕಂಡೆನ್ಸರ್ ತೆಗೆದು ಸಣ್ಣ ಸಣ್ಣ ಕೊಳವೆಗಳಲ್ಲಿ ಗ್ಯಾಸ್ ಒಟ್ಟಿಗೇ ಹರಿಯುವ ಹೊಸ ನಮೂನೆಯದನ್ನು ಕೂಡಿಸಿದ. ಆಮೇಲೆ ವ್ಯಾಕ್ಯೂಮ್ ಪಂಪ್ ಹಚ್ಚಿ 45 ನಿಮಿಷ ಬಿಟ್ಟ. ಗಾಳಿ ಹೋಗುವುದು ಐದೇ ನಿಮಿಷಕ್ಕೆ. ಉಳಿದ ಹೊತ್ತು ನೀರಿನ ತೇವಕ್ಕೆ. ಒತ್ತಡ ಅಷ್ಟು ಇಳಿದರೆ ನೀರು ಕೋಣೆಯ ಬಿಸಿಗೇ ಕುದಿದು ಆವಿಯಾಗಿ ಹೋಗುತ್ತದೆ. ಉಳಿದುಬಿಟ್ಟರೆ ಒಳಗೆ ಮಂಜುಗಟ್ಟಿ ದಾರಿ ಮುಚ್ಚುತ್ತದೆ. ಪಂಪ್ ನಿಲ್ಲಿಸಿ, ಸೋರಿಕೆ ಉಳಿದಿದೆಯಾ ಅಂತ ಇನ್ನರ್ಧ ಗಂಟೆ ಒತ್ತಡದ ಮೀಟರಿನ ಮುಳ್ಳು ನೋಡುತ್ತಾ ಕೂತೆವು. ಕದಲಲಿಲ್ಲ. ಅಷ್ಟಾದ ಮೇಲೆ ತಕ್ಕಡಿ ಮೇಲೆ ಸಿಲಿಂಡರ್ ಇಟ್ಟು ಗ್ಯಾಸ್ ತೂಗಿ ಹಾಕಿದ, ಆರ್-12 ಹಿಡಿಯುತ್ತಿದ್ದುದಕ್ಕಿಂತ ಸ್ವಲ್ಪ ಕಮ್ಮಿ. ಜಾಸ್ತಿ ಹಾಕಿದರೆ ಜಾಸ್ತಿ ತಂಪು ಅಲ್ಲ, ಉಲ್ಟಾ.

ನನ್ನ ಗೆಳೆಯನೊಬ್ಬನ ಹತ್ತಿರ ಗಾಳಿಯಿಂದ ತಣಿಯುವ ಎಂಜಿನ್ನಿನ ಹಳೇ ಪೋರ್ಷೆ 911 ಇದೆ. ಅದರಲ್ಲಿ ಎಂಜಿನ್ ಹಿಂದೆ, ಒಂದು ಕಂಡೆನ್ಸರ್ ಆ ಎಂಜಿನ್ ಮುಚ್ಚಳಕ್ಕೇ ಅಂಟಿಕೊಂಡಿದೆ, ತಂಪು ಮಾಡುವ ಕಾಯಿಲ್ ಮುಂದೆ. ಪೈಪುಗಳು ಕಾರಿನ ಉದ್ದಕ್ಕೂ ಓಡುತ್ತವೆ. ಕಾಕಾಗೆ ಫೋಟೋ ಕಳಿಸಿದೆ. "ಒಲಿ ಮ್ಯಾಲ ಫ್ರಿಜ್ ಇಟ್ಟಂಗಾತಲೇ ಇದು" ಅಂತ ಉತ್ತರ ಬಂತು. ನನ್ನ ಕಾರಿನ ಮೇಲೆ ಆಗ ಸ್ವಲ್ಪ ಪ್ರೀತಿ ಹೆಚ್ಚಾಯಿತು.

ಈಗ 43 ಡಿಗ್ರಿಯಲ್ಲಿ ಗಾಳಿಕಿಂಡಿಗೆ ಥರ್ಮಾಮೀಟರ್ ಸಿಕ್ಕಿಸಿದರೆ ಓಡುವಾಗ 10-11, ಸಿಗ್ನಲ್‌ನಲ್ಲಿ 15-16 ತೋರಿಸುತ್ತದೆ. ಹೊಸ ಕಾರಿನ ಮುಂದೆ ಇದು ಏನೂ ಅಲ್ಲ. ಕಪ್ಪು ಬಟ್ಟೆಯ ಟಾಪಿನ ಕೆಳಗೆ ಕೂತವನಿಗೆ ಸಾಕು. ಹತ್ತಿದ ಕೂಡಲೇ ಎರಡು ನಿಮಿಷ ಕಿಟಕಿ ತೆಗೆದು ಒಳಗಿನ ಝಳ ಹೊರಗೆ ಹಾಕುತ್ತೇನೆ, ಆಮೇಲೆ ಒಳಗಿನ ಗಾಳಿಯೇ ಸುತ್ತುವ ಹಾಗೆ ಗುಂಡಿ ಒತ್ತುತ್ತೇನೆ. ನಿಲ್ಲಿಸುವಾಗ ಗಾಜಿಗೆ ಬೆಳ್ಳಿ ಪರದೆ.

ಕಾಕಾಗೆ ಇನ್ನೂ ಸಮಾಧಾನ ಇಲ್ಲ. ಚಳಿಗಾಲದಲ್ಲಿ ಏಸಿ ಬಂದ್ ಇಟ್ಟರೆ ಕಂಪ್ರೆಸರಿನ ಸೀಲಿಗೆ ಎಣ್ಣೆ ತಾಗದೆ ಒಣಗಿ ಮತ್ತೆ ಸೋರುತ್ತದೆ, ಅದಕ್ಕೆ ವಾರಕ್ಕೊಮ್ಮೆ ಹತ್ತು ನಿಮಿಷ ಓಡಿಸಲೇಬೇಕು ಅಂತಾರೆ. ಹುಬ್ಬಳ್ಳಿಯ ಭಾನುವಾರ ಬೆಳಗ್ಗೆ, ಅಂದರೆ ಇಲ್ಲಿ ಶನಿವಾರ ರಾತ್ರಿ, ವಾಟ್ಸಾಪ್‌ನಲ್ಲಿ ಒಂದೇ ಸಾಲು ಬರುತ್ತದೆ: "ಏಸಿ ಹಚ್ಚಿದೇನು?" ಮೊನ್ನೆ ಡಿಸೆಂಬರಿನಲ್ಲಿ ಹೊರಗೆ 6 ಡಿಗ್ರಿ ಇತ್ತು. ಒಂದು ಬಿಸಿಲಿರುವ ಮಧ್ಯಾಹ್ನ ನೋಡಿ ಹಾಕಿದರಾಯ್ತು ಅಂದುಕೊಂಡೆ, ಅಷ್ಟು ಚಳಿಯಲ್ಲಿ ಕಂಪ್ರೆಸರ್ ಹತ್ತದೆಯೂ ಇರಬಹುದು. ಮರುದಿನ ಮಧ್ಯಾಹ್ನ ಸ್ವೆಟರ್ ಹಾಕಿಕೊಂಡು ಕಾರಿನಲ್ಲಿ ಕೂತು ಏಸಿ ಹಚ್ಚಿ, ಗಾಳಿಕಿಂಡಿಯ ಫೋಟೋ ತೆಗೆದು ಕಳಿಸಿದೆ. ಪಕ್ಕದ ಮನೆಯವರು ಬೇಲಿಯಾಚೆಯಿಂದ ನೋಡುತ್ತಿದ್ದರು.